ಬಾನೆಟ್ಟಿನ ಕೆಳಗೆ ಏನೂ ಇರಲಿಲ್ಲ

ಗೋವಿಂದಯ್ಯ ನನ್ನ ಸೋದರಮಾವ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆ ನೇಯುವವರ ಬೀದಿಯಲ್ಲಿ ಹುಟ್ಟಿ, ಮಗ್ಗದ ಗುಂಡಿಗೆ ಕಾಲು ಇಳಿಬಿಡಲು ಒಪ್ಪದೆ ಹತ್ತೊಂಬತ್ತನೆಯ ವಯಸ್ಸಿಗೆ ಸೇನೆ ಸೇರಿದವರು. ಅಲ್ಲಿ ಗಾಡಿ ರಿಪೇರಿ ಮಾಡುವ ವಿಭಾಗದಲ್ಲಿ ಹದಿನೇಳು ವರ್ಷ ದುಡಿದು ಹವಾಲ್ದಾರ್ ಆಗಿ ವಾಪಸು ಬಂದರು. ಈಗ ಅವರಿಗೆ ಅರವತ್ತಮೂರು. ಮಹಾ ಸಿಟ್ಟಿನ ಮನುಷ್ಯ ಎಂದು ಊರೇ ಹೇಳುತ್ತದೆ. ಇಲ್ಲಿನ ಹೈಸ್ಕೂಲಿನಲ್ಲಿ ಟೀಚರ್ ಆದಮೇಲೆ ಅವರ ಅರ್ಜಿ, ದೂರು, ನೋಟಿಸಿಗೆ ಉತ್ತರ ಎಲ್ಲವನ್ನೂ ಬರೆದುಕೊಟ್ಟವಳು ನಾನು. ಅವರ ಸಿಟ್ಟಿನ ಒಂದೊಂದು ಸಾಲೂ ನನ್ನ ಕೈಬರಹದಲ್ಲಿದೆ. ಅದರಲ್ಲಿ ಹೆಚ್ಚಾದದ್ದು ಒಂದು ಪದವೂ ಇಲ್ಲ.

ಆ ಸಿಟ್ಟು ಶುರುವಾದದ್ದು ಸೇನೆಯಲ್ಲೇ. ಗಾಡಿಗೆ ವಯಸ್ಸಾಯಿತೆಂದರೆ ಅಲ್ಲಿ ಅದನ್ನು ಹರಾಜಿನ ಪಟ್ಟಿಗೆ ಹಾಕುತ್ತಾರೆ. ಪಟ್ಟಿಗೆ ಬಿದ್ದ ಗಾಡಿಯ ಬಾಗಿಲ ಮೇಲೆ ಬಿಳಿ ಬಣ್ಣದಲ್ಲಿ ಗುರುತು ಬರೆಯುವ ಕೆಲಸ ಮಾವನ ಪಾಲಿಗೆ ಬಂದಿತ್ತು. ಹಿಮದ ಘಾಟಿಯಲ್ಲಿ ಅವತ್ತು ಬೆಳಿಗ್ಗೆ ಐದು ಟನ್ ಹೊತ್ತು ಇಳಿದು ಬಂದ ಶಕ್ತಿಮಾನ್ ಲಾರಿಗೆ ಮಧ್ಯಾಹ್ನ ಅವರೇ ಗುರುತು ಹಾಕಿದರು. "ಎಂಜಿನ್ ಇನ್ನೂ ಬಿಸಿ ಇತ್ತು ಕಣಮ್ಮ. ಒಂದ್ ಕೈ ಬಾನೆಟ್ ಮೇಲಿಟ್ಕಂಡು ಇನ್ನೊಂದ್ ಕೈಲಿ ಗುಜರಿ ಅಂತ ಬರ್ದೆ" ಎಂದು ನನಗೆ ಎಷ್ಟೋ ಸಲ ಹೇಳಿದ್ದಾರೆ.

ಊರಿಗೆ ಬಂದವರು ಹನೂರು ರಸ್ತೆಯಲ್ಲಿ ಸಣ್ಣ ಶೆಡ್ ಹಾಕಿ ಲಾರಿ ರಿಪೇರಿ ಮಾಡಿಕೊಂಡಿದ್ದರು. ಹನ್ನೆರಡು ವರ್ಷದ ಹಿಂದೆ ಬೇರಿಂಗ್ ತರಲು ಸೇಲಂಗೆ ಹೋದಾಗ ಒಂದು ಗುಜರಿ ಅಂಗಳದಲ್ಲಿ ಸಾಲಾಗಿ ನಿಂತ ಹಳೆಯ ಮಿಲಿಟರಿ ಲಾರಿಗಳನ್ನು ಕಂಡರು. ಹರಾಜಿನಲ್ಲಿ ರಾಶಿಗಟ್ಟಲೆ ಕೊಂಡು ತಂದು, ಗ್ಯಾಸಿನಲ್ಲಿ ಕುಯ್ದು, ಕಬ್ಬಿಣದ ತೂಕಕ್ಕೆ ಮಾರುವ ಜಾಗ ಅದು. ಕುಯ್ಯುತ್ತಿದ್ದವನು ಮುತ್ತಯ್ಯ, ನಮ್ಮ ಹನೂರು ತಾಲೂಕಿನ ಮಾರ್ಟಳ್ಳಿಯವನು. ಕನ್ನಡ ಮಾತಾಡುವ ಗಿರಾಕಿ ಸಿಕ್ಕಿದ್ದೇ ಅವನು ಗ್ಯಾಸ್ ಆರಿಸಿ ಎದ್ದು ಬಂದ.

"ಅಣ್ಣಾ, ಆ ಕಡೇ ಶಕ್ತಿಮಾನ್ ಐತಲ್ಲ, ಎಂಜಿನ್ ರೊಂಬ ಚೆನ್ನಾಗೈತೆ. ಬೆಳಿಗ್ಗೆ ಸುಮ್ಮಾ ಬ್ಯಾಟ್ರಿ ಕೊಟ್ ನೋಡ್ದೆ, ಒಂದೇ ಸಲಕ್ಕೆ ಎದ್ಬಿಡ್ತು. ಓನರ್ರು ಕುಯ್ಯಿ ಅಂದವ್ರೆ. ನಂಗೆ ಕೈ ಓಯ್ತಿಲ್ಲ."

ಮಾವ ಬೇರಿಂಗ್ ಬಿಟ್ಟು ಲಾರಿ ಕೊಂಡರು. ಕ್ಯಾಬಿನ್ ಮೇಲ್ಭಾಗ ಆಗಲೇ ಅರ್ಧ ಕುಯ್ದು ಹೋಗಿತ್ತು. ಬ್ರೇಕ್ ಹಿಡಿಯುತ್ತಿರಲಿಲ್ಲ. ಮೂರನೆಯ ದಿನ ಮುತ್ತಯ್ಯ ಕೆಲಸ ಬಿಟ್ಟು ಅವರ ಜೊತೆಯೇ ಹೊರಟ. ಮೆಟ್ಟೂರು, ಪಾಲಾರು ದಾಟಿ ಮಾದಪ್ಪನ ಬೆಟ್ಟದ ತಿರುವುಗಳನ್ನು ಒಂದನೇ ಗೇರಿನಲ್ಲೇ ಹತ್ತಿ ಇಳಿದರು. ಇಳಿಜಾರು ಬಂದಾಗಲೆಲ್ಲ ಮುತ್ತಯ್ಯ ಚಕ್ರಕ್ಕೆ ಒಡ್ಡಲು ಮರದ ದಿಮ್ಮಿ ಹಿಡಿದು ಪಕ್ಕದಲ್ಲೇ ನಡೆದನಂತೆ.

ಅದನ್ನು ಸರಿಮಾಡಲು ಆರು ವರ್ಷ ಹಿಡಿಯಿತು. ಸಂಪಿನಲ್ಲಿ, ಅಂದರೆ ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಲ್ಲಿ, ಒಂದು ಬಿರುಕಿತ್ತು. ಮುತ್ತಯ್ಯ ಅದನ್ನು ಹಿತ್ತಾಳೆ ಕರಗಿಸಿ ಬೆಸೆದ. ಬೆರಳುದ್ದದ ಹಳದಿ ಗೆರೆ ಅಲ್ಲಿ ಉಳಿಯಿತು. ಹಿಂದಿನ ಬಾಡಿಗೆ ಮತ್ತಿಮರದ ಹಲಗೆ ಬಡಿದರು. ಕ್ಯಾನ್ವಾಸ್ ಹೊದಿಕೆ ಹೊಲಿದವಳು ಅತ್ತೆ ಮಹಾಲಕ್ಷ್ಮಮ್ಮ. ನಲವತ್ತು ವರ್ಷ ಜರಿ ಅಂಚು ನೇಯ್ದ ಬೆರಳಿಗೆ ದಬ್ಬಳ ಚುಚ್ಚಿ ರಕ್ತ ಬಂದಾಗ ಆಕೆ ಮಾವನನ್ನು ಬೈದ ಬೈಗುಳ ಬೀದಿಯ ಕೊನೆಯ ಮನೆಗೂ ಕೇಳಿತ್ತು. ಆದರೂ ಹೊಲಿದಳು. ಖಾಸಗಿಯವರು ಸೇನೆಯ ಹಸಿರನ್ನು ಗಾಡಿಗೆ ಬಳಿಯುವಂತಿಲ್ಲ ಎಂಬ ನಿಯಮವಿದೆ. ಹಾಗಾಗಿ ಬೂದಿ ಬಣ್ಣ ಹೊಡೆಸಿದರು. ಕಚೇರಿಯಿಂದ ಕಚೇರಿಗೆ ಅಲೆದು ತಮ್ಮ ಹೆಸರಿಗೆ ಆರ್‌ಸಿ ಮಾಡಿಸಿದರು.

ಅದನ್ನು ಅವರು ಬಾಡಿಗೆಗೆ ಬಿಡಲಿಲ್ಲ. ಬೆಟ್ಟದ ರಸ್ತೆಯಲ್ಲಿ ಕಲ್ಲಿನ ಲಾರಿ ಚರಂಡಿಗೆ ಜಾರಿದರೆ, ಗದ್ದೆಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹೂತರೆ ಯಾರಾದರೂ ಫೋನ್ ಮಾಡುತ್ತಿದ್ದರು. ನಾಲ್ಕೂ ಚಕ್ರ ಎಳೆಯುವ ಗಾಡಿ. ಹೋಗಿ ಎಳೆದು ಬರುತ್ತಿದ್ದರು. ಒಡೆಯರಪಾಳ್ಯದ ಟಿಬೆಟಿನವರ ಜೋಳದ ಲಾರಿಯನ್ನು ಮಳೆಯ ಕೆಸರಿನಿಂದ ಎತ್ತಿದಾಗ ಅವರು ಮಾವನ ಕೊರಳಿಗೆ ಬಿಳಿಯ ವಸ್ತ್ರ ಹಾಕಿ ಕಳಿಸಿದರು. ಆ ಒಂದು ದಿನ ಮಾವ ನಗುತ್ತಾ ಮನೆಗೆ ಬಂದದ್ದನ್ನು ನಾನು ನೋಡಿದ್ದೇನೆ.

ಮೂರು ವರ್ಷದ ಹಿಂದೆ ಬಸವಕುಮಾರ್ ಮನೆಗೆ ಬಂದ. ಕಾಂಟ್ರಾಕ್ಟರು, ವೀರಸ್ಮರಣೆ ಬಳಗ ಎಂಬುದರ ಅಧ್ಯಕ್ಷ. ಯಳಂದೂರು ರಸ್ತೆಯಲ್ಲಿ ಸೈನಿಕರ ಹೆಸರಿನಲ್ಲಿ ಒಂದು ಪಾರ್ಕು ಮಾಡುತ್ತಿದ್ದರು. ನಡುವೆ ಕಟ್ಟೆ ಕಟ್ಟಿ ಈ ಲಾರಿಯನ್ನು ನಿಲ್ಲಿಸಬೇಕು ಎಂದು ಅವನ ಬೇಡಿಕೆ. ಮಾವ ಎರಡು ಸಲ ಆಗಲ್ಲ ಎಂದರು. ಮೂರನೆಯ ಸಲ ಅವನು ನಮ್ಮ ತಾಲೂಕಿನಿಂದ ಹೋಗಿ ತೀರಿಕೊಂಡ ಯೋಧರ ಫೋಟೋಗಳನ್ನು ತಂದು ಮೇಜಿನ ಮೇಲೆ ಹರಡಿದ. ಅದರಲ್ಲೊಬ್ಬ ಮಾವನ ಜೊತೆ ತರಬೇತಿಯಲ್ಲಿದ್ದವನು. ಮಾವ ಆ ಫೋಟೋ ಕೈಗೆತ್ತಿಕೊಂಡು, ಆಯ್ತು ಎಂದರು.

ಕರಾರು ಬರೆದವಳು ನಾನೇ. ಗಾಡಿಯ ಒಡೆತನ ಗೋವಿಂದಯ್ಯನವರದೇ. ಕೀಲಿ ಅವರ ಹತ್ತಿರವೇ ಇರಬೇಕು. ಜನವರಿ ಇಪ್ಪತ್ತಾರು, ಆಗಸ್ಟ್ ಹದಿನೈದು ಎರಡು ದಿನ ಎಂಜಿನ್ ಚಾಲೂ ಮಾಡಬೇಕು. ಯಾವ ಭಾಗವನ್ನೂ ಬಿಚ್ಚಕೂಡದು. ಬಸವಕುಮಾರ್ ಓದದೆಯೇ ಸಹಿ ಹಾಕಿದ. ಅವತ್ತೇ ನನಗೆ ಅನುಮಾನ ಬರಬೇಕಿತ್ತು.

ಮೊದಲನೆಯ ಜನವರಿಯಲ್ಲಿ ಎಂಜಿನ್ ಶುರುವಾಯಿತು. ಪಾರ್ಕಿಗೆ ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಆಮೇಲೆ ಮಾವನಿಗೆ ಮಂಡಿಯ ಆಪರೇಷನ್ ಆಗಿ ಮೂರು ತಿಂಗಳು ಮೈಸೂರಿನ ಮಗಳ ಮನೆಯಲ್ಲಿ ಉಳಿದರು. ವಾಪಸು ಬಂದದ್ದು ಆಗಸ್ಟ್ ಹದಿಮೂರಕ್ಕೆ.

ಹದಿನೈದರ ಬೆಳಿಗ್ಗೆ ಅವರು ಮಡಿಸಿಟ್ಟಿದ್ದ ಕೋಟು ತೆಗೆದು, ಪದಕ ಹಾಕಿಕೊಂಡು, ಊರುಗೋಲು ಹಿಡಿದು ನನ್ನ ಸ್ಕೂಟರಿನಲ್ಲಿ ಕೂತು ಬಂದರು. ದೂರದಿಂದಲೇ ಕಂಡಿತು, ಲಾರಿ ಥಳಥಳ ಹೊಳೆಯುವ ಹಸಿರಾಗಿತ್ತು. ಬೂದಿ ಬಣ್ಣದ ಮೇಲೆ ಯಾರೋ ಕಿಟಕಿಗೆ ಹೊಡೆಯುವ ಎನಾಮಲ್ ಬಳಿದಿದ್ದರು. ಟೈರಿಗೂ ಬಿಳಿ ಪಟ್ಟೆ. ಅತ್ತೆ ಹೊಲಿದ ಕ್ಯಾನ್ವಾಸ್ ಇರಲಿಲ್ಲ. ಅದರ ಜಾಗದಲ್ಲಿ ಬಸವಕುಮಾರನ ಮುಖವಿದ್ದ ಫ್ಲೆಕ್ಸ್. ಚಕ್ರದ ಸುತ್ತ ಮೊಣಕಾಲೆತ್ತರ ಇಟ್ಟಿಗೆ ಗೋಡೆ ಕಟ್ಟಿ, ಗಾಡಿಯ ಕೆಳಗೆ ಏನೂ ಕಾಣದಂತೆ ಮಾಡಿದ್ದರು.

ಭಾಷಣ ನಡೆಯುತ್ತಿತ್ತು. ಅದು ಮುಗಿಯುವವರೆಗೂ ಮಾವ ನೆಟ್ಟಗೆ ನಿಂತಿದ್ದು, ಆಮೇಲೆ ಕ್ಯಾಬಿನ್ ಹತ್ತಿ ಕೀಲಿ ತಿರುಗಿಸಿದರು. ಏನೂ ಆಗಲಿಲ್ಲ. ಬ್ಯಾಟರಿ ಇಳಿದಿರಬೇಕು ಎಂದು ಯಾರೋ ಅಂದರು. ಮಾವ ಇಳಿದು ಬಂದು ಬಾನೆಟ್ ಎತ್ತಿದರು.

ಒಳಗೆ ಏನೂ ಇರಲಿಲ್ಲ. ಮುಂದುಗಡೆ ರೇಡಿಯೇಟರ್ ಇತ್ತು, ಅದರ ಹಿಂದೆ ಖಾಲಿ ಗುಂಡಿ. ಎಂಜಿನ್ನಿಲ್ಲ, ಗೇರ್‌ಬಾಕ್ಸಿಲ್ಲ. ತುಂಡಾದ ವೈರುಗಳು ನೇತಾಡುತ್ತಿದ್ದವು. ತಳದಲ್ಲಿ ಎರಡು ಬಿಯರ್ ಬಾಟಲಿ.

ನಾನು ಆಗ ಅವರ ಮುಖ ನೋಡಿದೆ. ಕಿರುಚುತ್ತಾರೆ ಎಂದುಕೊಂಡಿದ್ದೆ. ಕಿರುಚಲಿಲ್ಲ. ಬಾನೆಟ್ಟಿಗೆ ಊರುಗೋಲು ಕೊಟ್ಟು ಅದು ಮುಚ್ಚದ ಹಾಗೆ ನಿಲ್ಲಿಸಿ, ಲಾಡು ಹಂಚುತ್ತಿದ್ದವರ ಕಡೆ ತಿರುಗಿದರು.

"ಬನ್ನಿ, ಎಲ್ಲಾ ಬಂದ್ ನೋಡಿ. ಕಾಲಿ ಡಬ್ಬಕ್ಕೆ ಸೆಲ್ಯೂಟ್ ಒಡೀತಿದ್ರಿ."

ಒಬ್ಬೊಬ್ಬರಾಗಿ ಬಂದು ಇಣುಕಿದರು. ಇಣುಕಿದವರು ಬಸವಕುಮಾರನ ಕಡೆ ನೋಡಿದರು, ಬೇಗ ಬೇಗ ಲಾಡು ನುಂಗಿ ಹೊರಟರು. ಒಬ್ಬನೂ ಬಾಯಿಬಿಟ್ಟು ಕೇಳಲಿಲ್ಲ. ಅವತ್ತಿನ ನನ್ನ ಸಿಟ್ಟು ಕದ್ದವನಿಗಿಂತ ಆ ಲಾಡು ನುಂಗಿದವರ ಮೇಲೆ ಹೆಚ್ಚಿತ್ತು. ಈಗಲೂ ಇದೆ. ಅವರಲ್ಲಿ ನನ್ನ ಶಾಲೆಯ ಇಬ್ಬರು ಮೇಷ್ಟ್ರುಗಳೂ ಇದ್ದರು.

ಎಂಜಿನ್ ಎಲ್ಲಿ ಹೋಯಿತೆಂದು ಪತ್ತೆ ಮಾಡಲು ಮುತ್ತಯ್ಯನಿಗೆ ನಾಲ್ಕೇ ದಿನ ಸಾಕಾಯಿತು. ಅದನ್ನು ಎತ್ತಿದ ಕ್ರೇನಿನವನು ಅವನಿಗೆ ಪರಿಚಯ. ಯಳಂದೂರಿನ ಆಚೆ ಅಗರದ ಒಂದು ಆಲೆಮನೆಗೆ ಇಳಿಸಿ ಬಂದದ್ದಾಗಿ ಹೇಳಿದ. ಮೂವರೂ ಹೋದೆವು. ಕಬ್ಬಿನ ರಾಶಿಯ ಪಕ್ಕದಲ್ಲಿ, ತಗಡಿನ ಚಪ್ಪರದ ಕೆಳಗೆ, ಸಿಮೆಂಟಿನ ದಿಮ್ಮಿಗೆ ಬೋಲ್ಟು ಹಾಕಿ ಕೂರಿಸಿದ ಎಂಜಿನ್ ಗಾಣ ತಿರುಗಿಸುತ್ತಿತ್ತು. ಮಾವ ಬಗ್ಗಲಾರದೆ ಮುತ್ತಯ್ಯನನ್ನು ಬಗ್ಗಿಸಿದರು. ಸಂಪಿನ ಕೆಳಗೆ ಹಿತ್ತಾಳೆಯ ಗೆರೆ ಇತ್ತು.

ಆಲೆಮನೆಯ ಜಡೇಸ್ವಾಮಿ ಬೆವರು ಒರೆಸಿಕೊಳ್ಳುತ್ತ ಬಂದ. ವಿಷಯ ತಿಳಿದು ಅವನ ಮುಖ ಕಪ್ಪಿಟ್ಟಿತು.

"ನಾನ್ ಕಳ್ಮಾಲು ಅಂತ ತಕಂಡಿಲ್ಲ ಸಾ. ಬಳಗದ ರಸೀತಿ ಕೊಟ್ಟವ್ರೆ, ನೋಡಿ. ಹಳೇ ಸಾಮಾನು ವಿಲೇವಾರಿ ಅಂತ ಬರ್ದೈತೆ."

ಮಾವ ರಸೀತಿ ನೋಡಿದರು. ಆಮೇಲೆ ಎಂಜಿನ್ ನೋಡಿದರು. ಅವರ ಸಿಟ್ಟು ಆ ಕ್ಷಣಕ್ಕೆ ಬೇರೆ ಕಡೆ ಹರಿಯಿತು. "ಏರ್ ಫಿಲ್ಟರ್ ಎಲ್ಲಯ್ಯ? ಕಬ್ಬಿನ್ ಸಿಪ್ಪೆ ಧೂಳೆಲ್ಲಾ ಒಳಕ್ಕೆ ಎಳ್ಕತೈತೆ. ಇನ್ನೊಂದ್ ತಿಂಗ್ಳಿಗೆ ಸತ್ತೋಯ್ತದೆ ಇದು" ಎಂದು ಅವನನ್ನು ಅರ್ಧಗಂಟೆ ಬೈದರು. ಜಡೇಸ್ವಾಮಿ ಕೈಕಟ್ಟಿ ನಿಂತು ಬೈಸಿಕೊಂಡ.

ಮಾರನೆಯ ದಿನ ಬಸವಕುಮಾರನ ಆಫೀಸಿಗೆ ಹೋದೆವು. ನಾನು ಬರೆದ ದೂರು ಮಾವನ ಜೇಬಿನಲ್ಲಿತ್ತು. ಅವನು ಕಾಫಿ ತರಿಸಿದ.

"ಗೋವಿಂದಣ್ಣ, ಎಂಜಿನ್ ಯಾರ್ ನೋಡ್ತಾರೆ? ಜನ ಬಂದು ಮುಂದೆ ನಿಂತ್ಕಂಡು ಫೋಟೋ ತೆಗಿಸ್ಕತಾರೆ, ಓಯ್ತಾರೆ. ಒಳ್ಗಡೆ ಸುಮ್ನೆ ತುಕ್ಕಿಡೀತಿತ್ತು. ಪಾರ್ಕಿನ್ ಖರ್ಚಿಗೆ ಆಯ್ತು ಅಂತ ಕೊಟ್ವಿ."

"ಕೊಡಕ್ಕೆ ಅದು ನಿಮ್ಮಪ್ಪಂದಾ?"

"ಸಿಟ್ಟಾಗ್ಬೇಡಿ. ನವೆಂಬರಲ್ಲಿ ನಿಮ್ಗೊಂದು ಸನ್ಮಾನ ಇಟ್ಕಂಡಿದೀವಿ. ಶಾಲು, ಪೇಟ, ಬೆಳ್ಳಿ ತಟ್ಟೆ."

ಮಾವ ಕಾಫಿ ಲೋಟವನ್ನು ಮೇಜಿನ ಆ ತುದಿಗೆ ತಳ್ಳಿದರು. "ಎರಡ್ ಕೆಲ್ಸ ಮಾಡು. ಆ ಜಡೇಸ್ವಾಮಿಗೆ ಬೇರೆ ಎಂಜಿನ್ ಕೊಡ್ಸು. ನನ್ ಎಂಜಿನ್ ನನ್ ಗಾಡೀಲಿ ತಂದಿಡು. ಹದಿನೈದ್ ದಿನ ಕೊಟ್ಟಿವ್ನಿ."

ಹದಿನೈದು ದಿನದಲ್ಲಿ ಎಂಜಿನ್ ಬರಲಿಲ್ಲ, ಹಿರಿಯರು ಬಂದರು. ಬೀದಿಯ ಯಜಮಾನರು, ನಿವೃತ್ತ ಕಂದಾಯ ಅಧಿಕಾರಿಯೊಬ್ಬರು, ಮಾವನ ಸ್ವಂತ ಷಡ್ಡಕ. ಎಲ್ಲರದೂ ಒಂದೇ ಮಾತು: ದೇಶದ ಕೆಲಸಕ್ಕೆ ಕೊಟ್ಟದ್ದನ್ನು ವಾಪಸು ಕೇಳಬಾರದು, ಯೋಧರ ಹೆಸರಿಗೆ ಮಸಿ. ಮಾವನಿಗೆ ಯೋಧರ ಬಗ್ಗೆ ಪಾಠ ಹೇಳಲು ಬಂದವರಲ್ಲಿ ಒಬ್ಬನೂ ಒಂದು ದಿನ ಬೂಟು ಕಟ್ಟಿದವನಲ್ಲ. ಕೇಳಿ ಕೇಳಿ ಅತ್ತೆಗೇ ಸಾಕಾಯಿತು. ಒಳಗಿನಿಂದ ಬಂದವಳು, "ಎದ್ ಓಗಿ, ನಂಗೆ ಕಸ ಗುಡಿಸ್ಬೇಕು" ಎಂದು ಪೊರಕೆ ತೆಗೆದಳು.

ಹದಿನಾರನೆಯ ದಿನ ಠಾಣೆಗೆ ದೂರು ಕೊಟ್ಟೆವು. ಆರ್‌ಸಿ, ಕರಾರು, ಎಂಜಿನ್ ನಂಬರು ಎಲ್ಲ ಸರಿಯಾಗಿತ್ತು. ಸಬ್‌ಇನ್‌ಸ್ಪೆಕ್ಟರು ಎಲ್ಲವನ್ನೂ ಓದಿ, "ಕೇಸು ಗಟ್ಟಿಯಾಗಿದೆ. ಆದ್ರೆ ನೋಡಿ ಸಾರ್, ಎಂಜಿನ್ನು, ಲಾರಿ ಎರಡೂ ಸಾಕ್ಷಿ ಮಾಲು ಆಗ್ತವೆ. ಕೋರ್ಟು ಬಿಡೋವರೆಗೂ ಇಲ್ಲೇ ಇರ್ತವೆ. ಯೋಚ್ನೆ ಮಾಡಿ" ಎಂದರು. ಕಾಂಪೌಂಡಿನಲ್ಲಿ ಮಳೆಬಿಸಿಲಿಗೆ ಕೊಳೆಯುತ್ತಿದ್ದ ಬೈಕು, ಟೆಂಪೋಗಳನ್ನು ಮಾವ ಕಿಟಕಿಯಿಂದ ನೋಡಿದರು. ನಾನು ಬೇಡ ಎನ್ನುವಷ್ಟರಲ್ಲಿ ಸಹಿ ಹಾಕಿದ್ದರು.

ಎಂಜಿನ್ ವಶಕ್ಕೆ ತೆಗೆದುಕೊಂಡ ದಿನ ಅಗರದಲ್ಲಿ ಕಬ್ಬು ಅರೆಯುತ್ತಿದ್ದರು. ಗಾಣ ಅರ್ಧದಲ್ಲಿ ನಿಂತಿತು. ಕೊಪ್ಪರಿಗೆಯಲ್ಲಿದ್ದ ಕಬ್ಬಿನ ಹಾಲು ಹುಳಿಯಾಯಿತು. ಕಡಿದು ತಂದಿದ್ದ ಮೂರು ಟ್ರ್ಯಾಕ್ಟರ್ ಕಬ್ಬು ಒಣಗಿತು. ನಾಲ್ಕನೆಯ ದಿನ ಜಡೇಸ್ವಾಮಿಯ ಹೆಂಡತಿ ಮಾದೇವಮ್ಮ ಬಸ್ಸು ಹತ್ತಿ ಬಂದು ನಮ್ಮ ಬೀದಿಯಲ್ಲಿ ನಿಂತಳು.

"ಗೋವಿಂದಯ್ಯ ಅನ್ನೋರು ಯಾರು? ಈಚೆಗ್ ಬನ್ನಿ."

ಮಾವ ಜಗುಲಿಗೆ ಬಂದರು.

"ನಿಮ್ ಎಂಜಿನ್ ಕದ್ದೋನು ಕಾರಲ್ಲಿ ಓಡಾಡ್ತಾವ್ನೆ. ಅವನ್ ಮನೇಲಿ ಒಲೆ ಆರಿಲ್ಲ, ನಮ್ ಒಲೆ ಆರೈತೆ. ಸಿಟ್ಟು ಬಂದ್ರೆ ಸಿಟ್ಟು ಬರ್ಸ್ದೋನ್ ಮೇಲೆ ತೀರ್ಸ್ಕಬೇಕು ಕಣಯ್ಯ. ನಾವೇನ್ ಮಾಡಿದ್ವಿ ನಿಮ್ಗೆ?"

ಆಕೆ ಇನ್ನೂ ಬಹಳ ಹೊತ್ತು ಮಾತಾಡಿದಳು. ಹಿರಿಯರ ಮಾತಿಗೆ ಒಂದಿಷ್ಟೂ ಅಲುಗದ ಮನುಷ್ಯ ಆಕೆಯ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಆಕೆ ಹೋದಮೇಲೆ ನನ್ನ ಮೇಲೆ ರೇಗಿದರು, ಠಾಣೆಯಲ್ಲಿ ಸಹಿ ಹಾಕುವಾಗ ಯಾಕೆ ತಡೆಯಲಿಲ್ಲವೆಂದು. ಆಮೇಲೆ ಶೆಡ್ಡಿಗೆ ಹೋಗಿ ಒಳಗಿನಿಂದ ಬಾಗಿಲು ಹಾಕಿಕೊಂಡರು. ಏನೋ ಎತ್ತಿ ಎಸೆದ ಸದ್ದು ಕೇಳಿತು. ಅತ್ತೆ ಊಟಕ್ಕೆ ಕರೆದರೂ ಬರಲಿಲ್ಲ.

ಅವರ ಶೆಡ್ಡಿನಲ್ಲಿ ಅದೇ ಮಾದರಿಯ ಇನ್ನೊಂದು ಎಂಜಿನ್ ಇತ್ತು, ಬಿಡಿ ಭಾಗಗಳಿಗೆಂದು ಹಿಂದೆ ಸೇಲಂನಿಂದ ತಂದದ್ದು. ಸಂಜೆ ಮುತ್ತಯ್ಯನಿಗೆ ಫೋನ್ ಮಾಡಿ ಬರಹೇಳಿದರು. ಇಬ್ಬರೂ ಆರು ದಿನ ಕೂತು ಅದನ್ನು ಜೋಡಿಸಿದರು. ಮೈಸೂರಿನಿಂದ ಪಂಪು ತರಿಸಿದರು, ಎರಡು ಪಿಸ್ಟನ್ ಹೊಸದು ಹಾಕಿದರು. ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಅಗರಕ್ಕೆ ಹೋಗಿ ಅದೇ ಸಿಮೆಂಟಿನ ದಿಮ್ಮಿಯ ಮೇಲೆ ಕೂರಿಸಿದರು. ಈ ಸಲ ಏರ್ ಫಿಲ್ಟರಿನ ಸಮೇತ. ಜಡೇಸ್ವಾಮಿ ಕೈಮುಗಿದ. ಮಾದೇವಮ್ಮ ಮುಗಿಯಲಿಲ್ಲ.

"ಇದೂ ನಾಳೆ ಪೊಲೀಸ್ನೋರ್ ಬಂದು ಒತ್ಕಂಡ್ ಓದ್ರೆ?"

ಮಾವ ನನ್ನ ಕಡೆ ನೋಡಿದರು. ನಾನು ಅಲ್ಲೇ ಕೂತು ಕಾಗದ ಬರೆದೆ: ಈ ಎಂಜಿನ್ ಜಡೇಸ್ವಾಮಿಯವರಿಗೆ ಪೂರ್ತಿಯಾಗಿ ಸೇರಿದ್ದು, ನನಗಾಗಲಿ ನನ್ನ ಕಡೆಯವರಿಗಾಗಲಿ ಇದರಲ್ಲಿ ಹಕ್ಕಿಲ್ಲ. ಮಾವ ಸಹಿ ಮಾಡಿದರು. ಮಾದೇವಮ್ಮ ಅದನ್ನು ಎರಡು ಸಲ ಓದಿಸಿಕೊಂಡು ಸೆರಗಿನಲ್ಲಿ ಕಟ್ಟಿಕೊಂಡಳು. "ಕೆಟ್ರೆ ಫೋನ್ ಮಾಡ್ತೀವಿ. ಬರ್ಬೇಕು" ಎಂದಳು. ಬರುತ್ತೇನೆ ಎಂದರು.

ಲಾರಿಯನ್ನು ಕಟ್ಟೆಯಿಂದ ಇಳಿಸಿ ಠಾಣೆಗೆ ಎಳೆದುಕೊಂಡು ಹೋದಾಗ ಹಿಂದಿನ ಹಲಗೆಗಳು ಮುರಿದವು. ಹನ್ನೊಂದು ತಿಂಗಳು ಅದು ಆ ಕಾಂಪೌಂಡಿನಲ್ಲಿ ನಿಂತಿತ್ತು. ಮಾವ ವಾರಕ್ಕೊಮ್ಮೆ ಗೇಟಿನ ಹೊರಗಿನಿಂದ ನೋಡಿ ಬರುತ್ತಿದ್ದರು, ಮುಟ್ಟುವಂತಿರಲಿಲ್ಲ. ಮಳೆಗಾಲದಲ್ಲಿ ಕ್ಯಾಬಿನ್ನಿನ ಸೀಟಿನ ಮೇಲೆ ಗಿಡ ಹುಟ್ಟಿತು. ನಾಯಿಯೊಂದು ಅದರ ಕೆಳಗೆ ಮರಿ ಹಾಕಿತು. ಮಧ್ಯಂತರವಾಗಿ ಬಿಡಿಸಿಕೊಳ್ಳಲು ನಾಲ್ಕು ಅರ್ಜಿ ಹಾಕಿದೆವು. ಕೊನೆಗೆ, ಮಾರುವಂತಿಲ್ಲ, ಕರೆದಾಗ ಹಾಜರುಪಡಿಸಬೇಕು ಎಂಬ ಷರತ್ತಿನ ಮೇಲೆ ಲಾರಿಯೂ ಎಂಜಿನ್ನೂ ವಾಪಸು ಸಿಕ್ಕವು. ಗೇರ್‌ಬಾಕ್ಸ್ ಈವರೆಗೂ ಸಿಕ್ಕಿಲ್ಲ. ಅದನ್ನು ಎಲ್ಲೋ ಕುಯ್ದು ಹಾಕಿರಬೇಕು.

ಈಗ ಅದು ಶೆಡ್ಡಿನಲ್ಲಿದೆ. ಮುತ್ತಯ್ಯ ಕೆರೆದೂ ಕೆರೆದೂ ಆ ಎನಾಮಲ್ ತೆಗೆಯುತ್ತಿದ್ದಾನೆ. ಪಾರ್ಕಿನ ಖಾಲಿ ಕಟ್ಟೆಯ ಮೇಲೆ ಬಳಗದವರು ಸಿಮೆಂಟಿನ ಯುದ್ಧ ಟ್ಯಾಂಕು ಮಾಡಿಸಿ ನಿಲ್ಲಿಸಿದ್ದಾರೆ. ಅದರ ಉದ್ಘಾಟನೆಯ ಫಲಕದಲ್ಲೂ ಬಸವಕುಮಾರನ ಹೆಸರೇ ಮೊದಲು. ಅವನಿಗೆ ಜಾಮೀನು ಸಿಕ್ಕಿ ಎರಡು ವರ್ಷವಾಗುತ್ತ ಬಂತು. ಊರಿನ ಮದುವೆಗಳಲ್ಲಿ ಮೊದಲ ಸಾಲಿನಲ್ಲಿ ಕೂರುತ್ತಾನೆ. ಅದೇ ಮದುವೆಗಳಲ್ಲಿ ಮಾವನನ್ನು ಕಂಡರೆ ಜನ ದಾರಿ ಬದಲಿಸುತ್ತಾರೆ, ಕೇಸಿನ ಮಾತು ಎತ್ತುತ್ತಾರೆಂದು. ಇದಕ್ಕೆ ನ್ಯಾಯವಾದ ಹೆಸರು ಏನಿದೆಯೋ ನನಗೆ ಗೊತ್ತಿಲ್ಲ.

ಕಳೆದ ತಿಂಗಳು ವಿಚಾರಣೆಗೆ ಹೋಗಿದ್ದೆವು. ಎದುರು ವಕೀಲರು ಬಂದಿಲ್ಲವೆಂದು ಮುಂದಕ್ಕೆ ಹಾಕಿದರು. ಇದು ಹತ್ತೊಂಬತ್ತನೆಯ ಸಲ. ಕೋರ್ಟಿನ ವರಾಂಡದಲ್ಲಿ ಬಸವಕುಮಾರ್ ಎದುರಾದ. ಸುತ್ತ ನಾಲ್ಕು ಜನ. ನಗುತ್ತಲೇ ಕೇಳಿದ.

"ಗೋವಿಂದಣ್ಣ, ಈ ವಯಸ್ಸಲ್ಲಿ ಬಿಪಿ ಗಿಪಿ ಬಂದಾತು. ಇನ್ನೂ ಸಿಟ್ಟು ಇಳ್ದಿಲ್ವಾ?"

ಮಾವ ಫೈಲನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ತೆಗೆದು, ಅಂಗಿಯ ಅಂಚಿನಲ್ಲಿ ನಿಧಾನವಾಗಿ ಒರೆಸಿ ಮತ್ತೆ ಹಾಕಿಕೊಂಡರು.

"ಇಳ್ದಿಲ್ಲ ಕಣಪ್ಪ. ಮುಂದಿನ ತಾರೀಕು ಹದಿನೆಂಟು. ಬೆಳಿಗ್ಗೆ ಅನ್ನೊಂದಕ್ಕೆ ಬಂದ್ಬಿಡು. ನಾನ್ ಅತ್ತ್ ಗಂಟೆಗೇ ಬಂದಿರ್ತೀನಿ."